ಬೆರಕೆ ಕುಲದ ಪುರೋಹಿತ

ಆರು ಜನ ಪಾಳುಬಿದ್ದ ಕೋಟೆಯ ನೆಲಮಾಳಿಗೆಗೆ ಇಳಿಯಲು ಹೊರಟಿದ್ದರು, ಅವರಲ್ಲಿ ಒಬ್ಬನೂ ಅಡುಗೆಯವನಲ್ಲ. ಶ್ರೀಪಾದ ಉರಾಳರ ಕಣ್ಣಿಗೆ ಮೊದಲು ಬಿದ್ದ ಕೊರತೆ ಇದೇ.

"ತಿಂಗಳುಗಟ್ಟಲೆ ಗವಿಯಲ್ಲಿ ತಿರುಗುವುದು ಅಂತಿ. ಇವರಿಗೆ ಗಂಜಿ ಬೇಯಿಸುವವ ಯಾರು?"

"ಪಪ್ಪಾ, ಗೇಮ್‌ನಲ್ಲಿ ಯಾರೂ ಅಡುಗೆ ಮಾಡಲ್ಲ," ಎಂದಳು ಮಗಳು ಊರ್ಮಿಳಾ, ಪರದೆಯಿಂದ ಕಣ್ಣು ಕೀಳದೆ.

"ಹಾಗಾದ್ರೆ ಹಸಿವೆಯಲ್ಲೇ ಸಾಯ್ತಾರೆ. ರಾಕ್ಷಸರು ಎಂತಕ್ಕೆ ಬೇಕು ಮತ್ತೆ?"

ಅದು ಎಂಬತ್ತೊಂಬತ್ತನೇ ಇಸವಿಯ ಏಪ್ರಿಲ್. ವಡೋದರಾದ ಆಲ್ಕಾಪುರಿಯಲ್ಲಿ ಕೆಳಗೆ ಉಡುಪಿ ಹೋಟೆಲು, ಅದರ ಮೇಲಿನ ಮಹಡಿಯಲ್ಲಿ ಕಂಪ್ಯೂಟರ್ ಕ್ಲಾಸು. ಕೆಳಗೆ ಅಪ್ಪ ಕಾವಲಿಯ ಮುಂದೆ ನಿಂತು ದೋಸೆ ಹೊಯ್ಯುವುದು, ಮೇಲೆ ಮಗಳು ಹೊಸಬರಿಗೆ ಯಾವ ಬೆರಳು ಯಾವ ಗುಂಡಿಯ ಮೇಲೆ ಎಂದು ಕಲಿಸುವುದು. ಮಧ್ಯಾಹ್ನ ಮೂರರಿಂದ ನಾಲ್ಕೂವರೆಯವರೆಗೆ ಎರಡೂ ಕಡೆ ಬಿಡುವು. ಆ ಹೊತ್ತಿಗೆ ಉರಾಳರು ಒಂದು ಲೋಟ ಕಾಫಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಮೂವತ್ತೆರಡು ಮೆಟ್ಟಿಲು. ನಾಲ್ಕು ಕಡೆ ನಿಲ್ಲುತ್ತಿದ್ದರು.

ಬಾಗಿಲಲ್ಲಿ ಚಪ್ಪಲಿ ಕಳಚಬೇಕು. ಯಂತ್ರಕ್ಕೆ ಧೂಳು ಆಗುವುದಿಲ್ಲ ಎಂದು ಕ್ಲಾಸಿನ ಮಾಸ್ತರರ ಕಟ್ಟಪ್ಪಣೆ. ಉಳಿದವರು ಗೊಣಗುತ್ತಿದ್ದರು, ಉರಾಳರಿಗೆ ಮಾತ್ರ ಅದು ಸಹಜವೇ ಆಗಿತ್ತು. ಕಾಲು ಒರೆಸಿ, ಎಣ್ಣೆ ಕೈಯನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂರುವರು. ಒಳಗೆ ಏಸಿ. ಆ ಕಟ್ಟಡದಲ್ಲಿ ಅವರ ಎದೆ ಸರಿಯಾಗಿ ಉಸಿರೆಳೆಯುತ್ತಿದ್ದ ಜಾಗ ಅದೊಂದೇ. ಮೂವತ್ತು ವರ್ಷ ಡೀಸೆಲ್ ಭಟ್ಟಿಯ ಹೊಗೆ, ಒಗ್ಗರಣೆಯ ಘಾಟು ಕುಡಿದ ಶ್ವಾಸಕೋಶ. ಒಲೆ ಬಿಟ್ಟರೆ ಇನ್ನೊಂದಿಷ್ಟು ವರ್ಷ, ಬಿಡದಿದ್ದರೆ ವರ್ಷ ತುಂಬುವುದೂ ಕಷ್ಟ ಎಂದು ಡಾಕ್ಟರರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಹೆಂಡತಿ ಗಿರಿಜಾ ತೀರಿಕೊಂಡು ಆಗಲೇ ನಾಲ್ಕು ವರ್ಷ. ಮಗಳಿಗೆ ಇಪ್ಪತ್ತು.

ಆಟದ ಫ್ಲಾಪಿಯನ್ನು ಮಾಸ್ತರರ ಗೆಳೆಯರು ಯಾರೋ ಮುಂಬೈಯಿಂದ ನಕಲು ಮಾಡಿ ತಂದಿದ್ದರು. ಹಸಿರು ಅಕ್ಷರದ ಪರದೆ. ಆಡುವವರು ಆರು ಜನರ ಒಂದು ಗುಂಪು ಕಟ್ಟಬೇಕು. ಒಬ್ಬೊಬ್ಬರಿಗೂ ಕುಲ, ಕಸುಬು, ಹೆಸರು ಕೊಡಬೇಕು. ಊರ್ಮಿಳಾ ಐದು ಜನರನ್ನು ಮುಗಿಸಿ ಆರನೆಯವನ ಹತ್ತಿರ ಸಿಕ್ಕಿಕೊಂಡಿದ್ದಳು.

"ಇವ್ನು ಕ್ಲೆರಿಕ್. ಮತ್ಲಬ್, ನಿಮ್ಮ ಥರ. ಭಟ್ರು."

"ಇವನ ಕೆಲಸ ಎಂತ?"

"ಗಾಯ ವಾಸಿ ಮಾಡ್ತಾನೆ. ದೊಡ್ಡವನಾದ್ಮೇಲೆ ಸತ್ತವರನ್ನ ಎಬ್ಬಿಸ್ತಾನೆ."

ಉರಾಳರು ನಕ್ಕರು, ನಗು ಕೆಮ್ಮಾಯಿತು. "ನಮ್ಮಲ್ಲಿ ಪುರೋಹಿತರು ಸತ್ತವರನ್ನ ಕಳಿಸೂದು ಮಾರಾಯ್ತಿ. ಎಬ್ಬಿಸಿದ್ರೆ ಮನೆಯವರೇ ಓಡಿಹೋದಾರು."

"ಸುನೋ ನಾ ಪಪ್ಪಾ. ಇವ್ನಿಗೆ ಕತ್ತಿ ಕೊಡೋ ಹಾಗಿಲ್ಲ. ರಕ್ತ ಬರಬಾರದಂತೆ. ಗದೆಯಲ್ಲಿ ಹೊಡೀಬಹುದು."

"ಗದೆಯಲ್ಲಿ ತಲೆ ಒಡೆದ್ರೆ ಎಳನೀರು ಬರ್ತದಾ? ಎಲ್ಲ ಊರಿನ ಮಡಿಯೂ ಇಷ್ಟೇ."

ತೊಡಕು ಇದ್ದದ್ದು ಬೇರೆ ಕಡೆ. ಅವನನ್ನು ಬರೀ ಪುರೋಹಿತನನ್ನಾಗಿ ಇಡಬಹುದು. ಅಥವಾ ಪುರೋಹಿತ ಮತ್ತು ಯೋಧ, ಪುರೋಹಿತ ಮತ್ತು ಮಂತ್ರವಾದಿ, ಹೀಗೆ ಎರಡು ಕಸುಬು ಜೋಡಿಸಬಹುದು. ಜೋಡಿಸಿದರೆ ಗಳಿಸಿದ ಅನುಭವವೆಲ್ಲ ಎರಡು ಪಾಲು. ಸತ್ತವರನ್ನು ಎಬ್ಬಿಸುವ ವಿದ್ಯೆ ಒಂಟಿ ಪುರೋಹಿತನಿಗೆ ಬೇಗ ಬರುತ್ತದೆ, ಜೋಡಿ ಕಸುಬಿನವನಿಗೆ ಆಟ ಮುಗಿಯುವ ಹೊತ್ತಿಗೂ ಬಂದೀತೆಂಬ ಖಾತ್ರಿಯಿಲ್ಲ. ಇನ್ನೂ ಒಂದು ಷರತ್ತು: ಮನುಷ್ಯಕುಲದವನಿಗೆ ಎರಡು ಕಸುಬು ಒಟ್ಟಿಗೆ ಕೊಡುವುದೇ ಇಲ್ಲ. ಅಪ್ಪ ಒಂದು ಕುಲ, ಅಮ್ಮ ಒಂದು ಕುಲ ಆಗಿ ಹುಟ್ಟಿದ ಬೆರಕೆಯವನಿಗೆ ಮಾತ್ರ.

"ಅಲ್ಲೂ ಜಾತಿ ಉಂಟಾ?" ಎಂದರು ಉರಾಳರು. ಆಮೇಲೆ ಪರದೆಯ ಕಡೆ ಬಗ್ಗಿ ಹೇಳಿದರು: "ಶುದ್ಧ ಪುರೋಹಿತನನ್ನೇ ಮಾಡು. ಮನುಷ್ಯನೇ ಇರಲಿ. ಎರಡು ದೋಣಿಗೆ ಕಾಲು ಹಾಕಿದವ ಎರಡರಲ್ಲೂ ದಡ ಕಾಣೂದಿಲ್ಲ. ನನ್ನನ್ನೇ ನೋಡು."

"ಆದ್ರೆ ಬರೀ ಭಟ್ರಾದ್ರೆ ಹೊಡೆದಾಟದಲ್ಲಿ ವೇಸ್ಟ್ ಪಪ್ಪಾ. ಯೋಚನೆ ಮಾಡ್ತೀನಿ."

ಆರನೆಯ ಜಾಗ ಖಾಲಿ ಇಟ್ಟೇ ಅವಳು ಯಂತ್ರ ಆರಿಸಿದಳು.

ನನ್ನನ್ನೇ ನೋಡು ಎಂದದ್ದು ಸುಮ್ಮನೆ ಅಲ್ಲ. ಉರಾಳರು ಕೋಟದ ಕಡೆಯ ವೈದಿಕರ ಮನೆಯವರು. ಅಪ್ಪನಿಂದ ಅರ್ಧ ಮಂತ್ರ ಕಲಿಯುವಷ್ಟರಲ್ಲಿ ಹೊಟ್ಟೆ ಅವರನ್ನು ಅಹಮದಾಬಾದಿನ ಹೋಟೆಲಿಗೆ ತಂದು ಹಾಕಿತು. ಅಡುಗೆಯೂ ಹಾಗೆ, ಕೆಲಸ ಮಾಡುತ್ತಾ ಮಾಡುತ್ತಾ ಬಂದದ್ದು. ವಡೋದರಾಕ್ಕೆ ಬಂದ ಮೇಲೆ ಬ್ಯಾಂಕು, ರೈಲ್ವೆ, ವಿಮೆಯವರ ಕನ್ನಡ ಮನೆಗಳಲ್ಲಿ ಸತ್ಯನಾರಾಯಣ ಪೂಜೆಗೆ, ನಾಮಕರಣಕ್ಕೆ, ಸಾವಿನ ಕೆಲಸಕ್ಕೂ ಇವರೇ. ಪೂಜೆ ಮುಗಿಸಿ ಅದೇ ಮನೆಯ ಅಡುಗೆಮನೆಗೆ ನುಗ್ಗಿ ಪಾಯಸ ಕೆದಕುವವರೂ ಇವರೇ. ಹೊಗಳುವವರು "ಟೂ ಇನ್ ಒನ್" ಅನ್ನುತ್ತಿದ್ದರು, ಆಗ ಊರೆಲ್ಲ ಅಂಥ ರೇಡಿಯೋ ಬಂದಿತ್ತಲ್ಲ. ಹಿಂದಿನಿಂದ "ಈರುಳ್ಳಿ ಭಟ್ಟ" ಅನ್ನುತ್ತಿದ್ದರು.

ಆ ಬೇಸಿಗೆ ಕನ್ನಡ ಸಂಘದವರು ತಮ್ಮ ಸಣ್ಣ ಜಾಗದಲ್ಲಿ ಗಣಪತಿಯ ಗುಡಿ ಕಟ್ಟಿ ಮುಗಿಸಿದ್ದರು. ಅಕ್ಷಯ ತೃತೀಯಕ್ಕೆ ಪ್ರತಿಷ್ಠೆ. ಕಾರ್ಯದರ್ಶಿ ಕೃಷ್ಣಮೂರ್ತಿ, ಮೈಸೂರು ಕಡೆಯ ಬ್ಯಾಂಕ್ ಆಫೀಸರು, ಹೋಟೆಲಿಗೇ ಬಂದು ಈರುಳ್ಳಿ ದೋಸೆ ತಿಂದು, ಕೈ ತೊಳೆದು ಮಾತೆತ್ತಿದ್ದರು.

"ಉರಾಳ್ರೇ, ಅರ್ಚಕರ ಕೆಲಸ ನಿಮಗೇ ಅಂತ ಕಮಿಟಿ ಹೇಳಿದೆ. ಗುಡಿ ಹಿಂದೆ ಒಂದು ರೂಮು. ಆದ್ರೆ ಎರಡು ಮಾತು. ಹೋಟೆಲ್ ಬಿಡಬೇಕು. ಮತ್ತೆ ಸಾವಿನ ಮನೆ ಕೆಲಸಕ್ಕೆ ಹೋಗಬಾರದು, ಶುಭಕ್ಕೆ ಮಾತ್ರ."

ಉರಾಳರಿಗೆ ಕುಣಿಯುವುದೊಂದು ಬಾಕಿ. ಹೊಗೆಯಿಲ್ಲ, ಭಟ್ಟಿಯಿಲ್ಲ, ಬೆಳಗ್ಗೆ ಸಂಜೆ ಆರತಿ. ಉಸಿರು ಉಳಿಯುವುದಕ್ಕೆ ಇದ್ದ ದಾರಿ ಇದೊಂದೇ. ಕೂಡಲೇ ಒಪ್ಪಿಕೊಂಡರು. ಪ್ರತಿಷ್ಠೆಯ ದಿನವೇ ಹೋಟೆಲು ಬಿಡುವುದೆಂದು ಧಣಿಗೂ ತಿಳಿಸಿಬಿಟ್ಟರು.

ಇಷ್ಟಕ್ಕೇ ನಿಂತಿದ್ದರೆ ಉರಾಳರ ಕತೆ ಹೇಳುವ ಅಗತ್ಯವಿರಲಿಲ್ಲ. ಆದರೆ ಮಾಧವ ಇದ್ದ.

ಮಾಧವ ಮರಕಾಲ ಕುಂದಾಪುರದ ಕಡೆಯ ಮೊಗವೀರರ ಹುಡುಗ. ಉರಾಳರಿದ್ದ ಅಹಮದಾಬಾದಿನ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿ ಚಹಾದ ಒಲೆಗೆ ಬಡ್ತಿ ಪಡೆದಿದ್ದ. ಎಪ್ಪತ್ನಾಲ್ಕರಲ್ಲಿ ಹಾಸ್ಟೆಲ್ ಹುಡುಗರು ಊಟದ ದರ ಏರಿತೆಂದು ಎಬ್ಬಿಸಿದ ಗಲಾಟೆ ಇಡೀ ಗುಜರಾತನ್ನು ಬೀದಿಗೆ ತಂದಾಗ, ಕರ್ಫ್ಯೂ ಬಿದ್ದು ಅಲ್ಲಿನ ಧಣಿ ತನ್ನ ಮನೆಯಲ್ಲಿ, ಇವರಿಬ್ಬರು ಮುಚ್ಚಿದ ಹೋಟೆಲಿನೊಳಗೆ ಸಿಕ್ಕಿಕೊಂಡರು. ಒಂಬತ್ತು ದಿನ. ಒಂದೇ ಪಾತ್ರೆಯ ಗಂಜಿ, ಒಂದೇ ಉಪ್ಪಿನಕಾಯಿ ಭರಣಿ. ಮೊದಲ ದಿನ ಉರಾಳರು ಗೋಡೆ ಕಡೆ ತಿರುಗಿ ಉಂಡರು. ಮೂರನೇ ದಿನ ಮಾಧವ ಕೇಳಿದ: "ಹೋಯ್ ಭಟ್ರೇ, ಆ ಗೋಡಿ ಅಷ್ಟ್ ಚೆಂದ ಇತ್ತಾ?" ಅಲ್ಲಿಂದ ಎದುರುಬದುರು.

ಹೊರಗಿನ ಕೂಗು ಒಳಗೂ ಹತ್ತಿತು. ಕರ್ಫ್ಯೂ ತೆಗೆದ ಮೇಲೆ ಹೋಟೆಲಿನ ಹನ್ನೊಂದು ಜನ ಕೂಡಿ ವಾರಕ್ಕೊಂದು ರಜೆ ಕೇಳುವುದೆಂದು ನಿರ್ಧರಿಸಿದರು. ಎಲ್ಲರೂ ಒಟ್ಟಿಗೆ ಕೆಲಸ ನಿಲ್ಲಿಸಿ ಗಲ್ಲಾ ಮುಂದೆ ನಿಲ್ಲಬೇಕು. ಮಾತಾಡುವವನು ಮಾಧವ. ನಿಂತರು. ಧಣಿ ಒಬ್ಬೊಬ್ಬರ ಮುಖ ನೋಡಿ, ಉರಾಳರಲ್ಲಿಗೆ ಬಂದು, "ಭಟ್ರೇ, ನೀವೂ ಈ ಎಂಜಲು ತೊಳೆಯುವವರ ಸಾಲಿನಲ್ಲಾ?" ಎಂದ. ಅಷ್ಟೇ. ಹೊಡೆಯಲಿಲ್ಲ, ಬಡಿಯಲಿಲ್ಲ. ಉರಾಳರು ಒಳಗೆ ಹೋಗಿ ಹಿಟ್ಟಿನ ಪಾತ್ರೆಗೆ ಕೈ ಹಾಕಿದರು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಕರಗಿದರು. ಮಾಧವನ ಟ್ರಂಕು ಅವತ್ತೇ ಬೀದಿಗೆ ಬಿತ್ತು. ಮುಷ್ಕರ ಮುರಿಯುವುದಕ್ಕೆ ಪೊಲೀಸರ ಲಾಠಿಯೇ ಬೇಕೆಂದಿಲ್ಲ, ಜಾತಿಯ ಬೆನ್ನು ಚಪ್ಪರಿಸಿದರೂ ಸಾಕು.

ಮಾಧವ ಅಹಮದಾಬಾದಿನ ಅಂಚಿನ ವಟ್ವಾದಲ್ಲಿ ಬಣ್ಣದ ಕಾರ್ಖಾನೆಯೊಂದಕ್ಕೆ ಸೇರಿದ. ಏಳು ವರ್ಷ ಬಿಟ್ಟು ಸೂರತಿನ ಹತ್ತಿರ ಸಚಿನ್ ಎಂಬ ಊರಿನಲ್ಲಿ ಇನ್ನೊಂದು. ಎಲ್ಲೂ ಕೈಗವಸು ಇಲ್ಲ, ಬಾಯಿಗೆ ಬಟ್ಟೆಯಿಲ್ಲ. ವರ್ಷಕ್ಕೊಮ್ಮೆ ಉರಾಳರನ್ನು ನೋಡಲು ಬರುವಾಗ ಅವನ ಅಂಗೈ ಒಮ್ಮೆ ಅರಿಸಿನ, ಒಮ್ಮೆ ನೇರಳೆ. ರಜೆಯ ವಿಷಯ ಅವನು ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಹದಿನೈದು ವರ್ಷ ಇಬ್ಬರ ನಡುವೆ ಅದು ಹಾಗೇ ಬಿದ್ದಿತ್ತು, ಊಟದ ನಡುವೆ ಸಿಕ್ಕಿದ ಕಲ್ಲನ್ನು ಎಲೆಯ ತುದಿಗೆ ತಳ್ಳಿದ ಹಾಗೆ.

ಆ ಏಪ್ರಿಲಿನಲ್ಲಿ ಅವನು ನೋಡಲು ಬರಲಿಲ್ಲ, ವಡೋದರಾದ ಸರ್ಕಾರಿ ಆಸ್ಪತ್ರೆಗೆ ಬಂದು ಬಿದ್ದ. ಮೂತ್ರದಲ್ಲಿ ರಕ್ತ. ಗಡ್ಡೆ ಬೇರೂರಿದೆ, ಬಣ್ಣದ ಕಾರ್ಖಾನೆಯವರಲ್ಲಿ ಇದು ಹೊಸತಲ್ಲ ಎಂದರು ಡಾಕ್ಟರು. ಮಾಧವನಿಗೆ ಮದುವೆಯಾಗಿರಲಿಲ್ಲ. ಊರಲ್ಲಿ ತಾಯಿ ಇಲ್ಲ, ಒಬ್ಬ ಅಣ್ಣ ಮೀನಿನ ದೋಣಿಯಲ್ಲಿ.

ಉರಾಳರ ಮಧ್ಯಾಹ್ನದ ಬಿಡುವು ಈಗ ಏಸಿ ಕೋಣೆಯಲ್ಲಿ ಅಲ್ಲ, ಆಸ್ಪತ್ರೆಯ ವಾರ್ಡಿನಲ್ಲಿ. ಡಬ್ಬಿಯಲ್ಲಿ ಗಂಜಿ. ಮಾಧವನಿಗೆ ಎರಡು ಚಮಚ ಹೋದರೆ ಹೆಚ್ಚು.

"ಹೋಯ್ ಭಟ್ರೇ, ಗಂಜಿಗೆ ಉಪ್ಪ್ ಹಾಕೂಕೆ ಮರ್ತ್ರಾ?"

"ಡಾಕ್ಟರು ಬೇಡ ಹೇಳಿದ್ದಾರೆ."

"ಸಾಯುವವಂಗೆ ಉಪ್ಪಿನ ಪಥ್ಯ. ದೇವಸ್ಥಾನದ ಭಟ್ರ್ ಆಪುದ್ ಯಾವಾಗ?"

"ಮುಂದಿನ ಸೋಮವಾರ ಪ್ರತಿಷ್ಠೆ."

"ಒಳ್ಳೇದಾಯ್ತ್. ವಾರಕ್ಕೊಂದ್ ರಜೆ ಕೊಡ್ತ್ರಾ ಕೇಂಡಿದ್ರಾ?"

ಉರಾಳರು ಚಮಚ ಕೆಳಗಿಟ್ಟರು. ಹದಿನೈದು ವರ್ಷದ ಮೇಲೆ ಮೊದಲ ಸಲ. ಮಾಧವ ನಗುತ್ತಿದ್ದ, ಆ ನಗುವಿನಲ್ಲಿ ವಿಷ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ಮಾಧವಾ, ಅವತ್ತು ನಾನು..."

"ಬಿಡಿ ಮರಾಯ್ರೆ. ಅಣ್ಣ ಬರೂದಿಲ್ಲ, ನಂಗೊತ್ತಿತ್ತ್. ಬೆಂಕಿ ಇಡೂಕೆ ಒಬ್ರ್ ಬೇಕಲ್ದಾ. ಮುನ್ಸಿಪಾಲ್ಟಿಯವ್ರ ಕೈಯಂಗೆ ಹಾಕ್ಬೇಡಿ. ಅಷ್ಟ್ ಸಾಕ್."

ಗುರುವಾರ ಬೆಳಗ್ಗೆ ಮಾಧವ ಸತ್ತ. ಅಣ್ಣನಿಗೆ ತಂತಿ ಹೋಯಿತು, ಬರಲಾಗದು ಎಂದು ಉತ್ತರ ಬಂತು. ಹೋಟೆಲಿನ ನಾಲ್ಕು ಜನ ಹೆಗಲು ಕೊಟ್ಟರು. ಉರಾಳರು ಸ್ಮಶಾನದ ನಲ್ಲಿಯಲ್ಲಿ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಜನಿವಾರವನ್ನು ಬಲ ಹೆಗಲಿಗೆ ತಿರುಗಿಸಿ, ಕೊಡ ಹೊತ್ತು ಮೂರು ಸುತ್ತು ಬಂದು, ಬೆಂಕಿ ಇಟ್ಟರು. ಮಡಿಕೆ ಒಡೆಯುವಾಗ ಕೆಮ್ಮು ಬಂದು ಐದು ನಿಮಿಷ ನೆಲಕ್ಕೆ ಕೂತರು. ಚಿತೆಯ ಹೊಗೆಯೂ ಹೊಗೆಯೇ.

ಮಾರನೇ ದಿನ ಬೆಳಗ್ಗೆ ಕೃಷ್ಣಮೂರ್ತಿಯವರ ಮನೆಗೆ ಹೋದರು. ಒಳಗೆ ಹೋಗಲಿಲ್ಲ, ಗೇಟಿನ ಹೊರಗೇ ನಿಂತರು.

"ಸೋಮವಾರ ನನಗೆ ವಿಗ್ರಹ ಮುಟ್ಟಲಿಕ್ಕೆ ಆಗೂದಿಲ್ಲ ಸ್ವಾಮಿ. ಸೂತಕ."

"ಅಯ್ಯೋ, ಯಾರು ಹೋದ್ರು? ಊರಲ್ಲಾ?"

"ಇಲ್ಲೇ. ಮಾಧವ ಅಂತ. ಮರಕಾಲ. ಬೆಂಕಿ ಇಟ್ಟೆ. ಹತ್ತು ದಿನದ ಕೆಲಸವೂ ನಂದೇ."

ಕೃಷ್ಣಮೂರ್ತಿ ಕೆಟ್ಟವರಲ್ಲ. ಗೇಟು ತೆಗೆದು ಹೊರಗೆ ಬಂದು, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿದರು. "ನೋಡಿ ಉರಾಳ್ರೇ, ಅನಾಥನಿಗೆ ಸಂಸ್ಕಾರ ಮಾಡಿದ್ರಿ, ಪುಣ್ಯದ ಕೆಲಸ. ಆದ್ರೆ ಅವನು ನಿಮ್ಮ ರಕ್ತವಲ್ಲ, ಗೋತ್ರವಲ್ಲ, ಜಾತಿಯೂ ಅಲ್ಲ. ನಿಮಗೆ ಸೂತಕವೇ ಇಲ್ಲ. ತಲೆಗೆ ಸ್ನಾನ ಮಾಡಿ ಜನಿವಾರ ಬದಲಾಯಿಸಿದ್ರೆ ಮುಗೀತು. ಹತ್ತನೇ ದಿನದ ಕೆಲಸಕ್ಕೆ ಬೇರೆ ಯಾರನ್ನಾದ್ರೂ ನೋಡೋಣ. ನನಗೆ ನೀವು ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ."

ಆ ಮಾತು ಸುಳ್ಳಲ್ಲವೆಂದು ಉರಾಳರಿಗೂ ಗೊತ್ತಿತ್ತು. ಶಾಸ್ತ್ರವೇ ಬಾಗಿಲು ತೆರೆದು ನಿಂತಿತ್ತು. ಅವನು ನನಗೆ ಏನೂ ಆಗಬೇಕಾಗಿಲ್ಲ ಎಂದು ಒಂದು ಮಾತು ಹೇಳಿದರೆ ಸೋಮವಾರ ಗರ್ಭಗುಡಿ, ತಂಪು ಕಲ್ಲಿನ ನೆಲ, ಉಳಿದ ಆಯುಷ್ಯ. ಹಿಂದೆ ಗಲ್ಲಾ ಮುಂದೆ ಅವರು ಬಾಯಿ ತೆರೆಯದೆಯೇ ಹೇಳಿದ್ದು ಅದೇ ಮಾತನ್ನು.

"ಸೂತಕ ಹಿಡಿದಾಗಿದೆ," ಎಂದರು.

"ಯಾವ ಲೆಕ್ಕದಲ್ಲಿ ಹಿಡೀತೀರಿ ಸ್ವಾಮಿ? ಅವನು ನಿಮಗೆ ಏನಾಗಬೇಕು?"

"ಒಂದೇ ಪಾತ್ರೆಯಲ್ಲಿ ಉಂಡಿದ್ದೇನೆ."

"ಅದನ್ನ ಕಮಿಟಿ ಮುಂದೆ ಹೇಳಬೇಡಿ," ಎಂದರು ಕೃಷ್ಣಮೂರ್ತಿ. ಅವರ ಮುಖದಲ್ಲಿ ಸಿಟ್ಟಿಗಿಂತ ಆಯಾಸ ಹೆಚ್ಚಿತ್ತು. "ನಿಮ್ಮ ಎದೆ ಸ್ಥಿತಿ ಗೊತ್ತಿದ್ದೇ ನಾನು ನಿಮ್ಮ ಹೆಸರು ಹೇಳಿದ್ದು. ನಾನು ಇನ್ನೇನು ಮಾಡ್ಲಿ?"

ಏನೂ ಮಾಡುವಂತಿರಲಿಲ್ಲ. ಪ್ರತಿಷ್ಠೆಗೆ ಮುಂಬೈಯಿಂದ ಒಬ್ಬ ಅರ್ಚಕರು ಬಂದರು, ಕೆಲಸವೂ ಅವರಿಗೇ ಆಯಿತು. ಷರತ್ತು ಅದೇ, ಶುಭಕ್ಕೆ ಮಾತ್ರ. ಉರಾಳರು ಹತ್ತು ದಿನ ಚಾಪೆಯ ಮೇಲೆ ಮಲಗಿ, ಒಪ್ಪೊತ್ತು ಉಂಡು, ಮರಕಾಲನಿಗೆ ತಮ್ಮ ಅಪ್ಪನಿಂದ ಕಲಿತ ಅರ್ಧ ಮಂತ್ರದಲ್ಲಿ ಪಿಂಡ ಇಟ್ಟರು. ಮರೆತ ಕಡೆಯಲ್ಲಿ ಅವನ ಹೆಸರನ್ನೇ ಹೇಳಿದರು. ಹನ್ನೊಂದನೇ ದಿನ ಮತ್ತೆ ಕಾವಲಿಯ ಮುಂದೆ. ಕೂಲಿಯಿಲ್ಲದ ಹತ್ತು ದಿನಕ್ಕೆ ಧಣಿ ಗೊಣಗಿದ, ಆದರೆ ಅವರ ಕೈಯ ದೋಸೆಗೆ ಬರುವ ಗಿರಾಕಿಗಳಿದ್ದರು.

ಅವತ್ತು ಮಧ್ಯಾಹ್ನ ಉರಾಳರು ಕಾಫಿ ಹಿಡಿದು ಮೇಲೆ ಹೋದರು. ಏಳು ಕಡೆ ನಿಂತರು. ಊರ್ಮಿಳಾ ಸ್ಟೂಲು ಎಳೆದು ಹಾಕಿದಳು. ಆಮೇಲೆ ಮಾತಿನ ನಡುವೆ ಬೆರೆಸುವ ಗುಜರಾತಿ ಹಿಂದಿ ಎಲ್ಲ ಬಿಟ್ಟು, ತೊಡರುತ್ತಾ, ಬರೀ ಕನ್ನಡದಲ್ಲಿ ಕೇಳಿದಳು: "ನಿಮಗೆ ಏನಾದ್ರೂ ಆದ್ರೆ ನಾನು ಏನು ಮಾಡ್ಲಿ ಅಂತ ಯೋಚನೆ ಮಾಡಿದ್ರಾ?"

"ಮಾಡಿದೆ."

"ಮಾಡಿ?"

ಉರಾಳರು ಕಾಫಿಯ ಲೋಟವನ್ನು ಅವಳ ಕಡೆ ಸರಿಸಿದರು. ಸತ್ತವನ ಸಾಲ ತೀರಿಸಲು ಬದುಕಿರುವವಳ ಪಾಲು ಎತ್ತಿದ್ದು ಅವರಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಪರದೆಯ ಕಡೆ ನೋಡಿ ಕೇಳಿದರು: "ನಿನ್ನ ಆರನೆಯವ ಆದನಾ?"

"ಇಲ್ಲ. ಹಾಗೇ ಇದೆ."

"ಬೆರಕೆ ಕುಲದವನನ್ನೇ ಮಾಡು. ಗದೆಯೂ ಇರಲಿ."

"ಸತ್ತವರನ್ನ ಎಬ್ಬಿಸೋದು ಲೇಟ್ ಆಗತ್ತೆ ಪಪ್ಪಾ. ಬರದೇ ಇರಬಹುದು."

"ಬಾರದಿದ್ರೆ ಬೇಡ. ಜೊತೆಯವ ಹೊಡೆತ ತಿನ್ನುವಾಗ ಪಕ್ಕದಲ್ಲಿ ನಿಲ್ತಾನಲ್ಲ."

ಅವಳು ಗುಂಡಿ ಒತ್ತಿದಳು. ಯಂತ್ರ ಹೆಸರು ಕೇಳಿತು. ಅವಳು ಇಂಗ್ಲಿಷ್ ಅಕ್ಷರದಲ್ಲಿ ಉರಾಳ ಎಂದು ಬರೆಯತೊಡಗಿದಳು. ಉರಾಳರು ತಡೆದರು. "ನಂದು ಬೇಡ. ಮಾಧವ ಅಂತ ಬರಿ." ಬರೆದಳು.

ಜೂನಿನಲ್ಲಿ ಮಳೆ ಬಿದ್ದ ಮೇಲೆ ಉರಾಳರಿಗೆ ಮೆಟ್ಟಿಲು ಹತ್ತಲಾಗಲಿಲ್ಲ, ಮಗಳೇ ಕೆಳಗಿಳಿದು ಬರುತ್ತಿದ್ದಳು. ಆಟ ಎಲ್ಲಿಗೆ ಬಂತು ಎಂದು ಕೇಳುವರು. ಮಾಧವ ಎರಡು ಸಲ ಸಾಯುವುದರಲ್ಲಿದ್ದ, ಉಳಿದ ಎಂದು ಹೇಳುವಳು. ನಿಜಕ್ಕೂ ಅವಳು ಆಡುತ್ತಿದ್ದಳೋ, ಹೇಳಲೆಂದು ಕಟ್ಟುತ್ತಿದ್ದಳೋ ಅವರು ವಿಚಾರಿಸಲಿಲ್ಲ.

ದೀಪಾವಳಿಗೆ ಎಂಟು ದಿನ ಇರುವಾಗ, ಬೆಳಗಿನ ಒಗ್ಗರಣೆಯ ಹೊತ್ತಿಗೆ, ಉರಾಳರು ಸಟ್ಟುಗ ಹಿಡಿದುಕೊಂಡೇ ಕುಸಿದರು. ಐವತ್ಮೂರು ವರ್ಷ.

ಹೋಟೆಲಿನವರು ಸಂಘದ ಅರ್ಚಕರಿಗೆ ಹೇಳಿಕಳಿಸಿದರು. ಸಾವಿನ ಕೆಲಸ ತನ್ನ ಕರಾರಿನಲ್ಲಿಲ್ಲ, ಹಬ್ಬ ಬೇರೆ ಎದುರಿಗಿದೆ ಎಂದು ಅವರು ಬರಲಿಲ್ಲ. ಕೃಷ್ಣಮೂರ್ತಿ ಬಂದರು. ಚಟ್ಟಕ್ಕೆ ಮುಂದಿನ ಹೆಗಲು ಕೊಟ್ಟರು, ಸ್ಮಶಾನದಲ್ಲಿ ಚಿಕ್ಕಂದಿನಲ್ಲಿ ಕಲಿತದ್ದನ್ನು ನೆನಪಿಸಿಕೊಳ್ಳಲು ನೋಡಿದರು. ನಾಲ್ಕು ಸಾಲಿನಲ್ಲಿ ತಡವರಿಸಿ ನಿಂತುಹೋದರು. ವಡೋದರಾದ ಕನ್ನಡದವರ ಮನೆಯ ಸಾವಿಗೆ, ಗುಟ್ಟಾಗಿಯೋ ಬಹಿರಂಗವಾಗಿಯೋ, ಇಷ್ಟು ವರ್ಷ ಬರುತ್ತಿದ್ದ ಮನುಷ್ಯ ಚಿತೆಯ ಮೇಲಿದ್ದ.

"ಹೆಣ್ಣುಮಕ್ಕಳು ಇಲ್ಲಿಗೆ..." ಎಂದು ಯಾರೋ ಶುರು ಮಾಡಿದರು.

ಊರ್ಮಿಳಾ ಕೊಡ ಎತ್ತಿ ಹೆಗಲಿಗಿಟ್ಟಳು. ಯಾವ ಹೆಗಲು ಎಂದು ಅವಳಿಗೆ ಗೊತ್ತಿರಲಿಲ್ಲ, ಹೇಳಿಕೊಡುವವರೂ ಇರಲಿಲ್ಲ. ಮೂರು ಸುತ್ತು ಬಂದಳು. ಬೆಂಕಿ ಇಟ್ಟಳು. ಹತ್ತು ದಿನ ಕ್ಲಾಸಿಗೆ ಹೋಗದೆ ಚಾಪೆಯ ಮೇಲೆ ಮಲಗಿದಳು. ಹತ್ತನೆಯ ದಿನ ಅನ್ನದ ಉಂಡೆ ಕಟ್ಟಿ, ಮಂತ್ರ ಬಾರದ್ದರಿಂದ ಬರೀ ಹೆಸರು ಹೇಳಿದಳು. ಶ್ರೀಪಾದ ಉರಾಳ. ಅದೇ ಎಲೆಯಲ್ಲಿ ಇನ್ನೊಂದು ಉಂಡೆ ಇಟ್ಟು ಮಾಧವ ಎಂದಳು. ಇಬ್ಬರಿಗೂ ಉಪ್ಪಿನಕಾಯಿ ಬಡಿಸಿದಳು.

ಆಟವನ್ನು ಅವಳು ಮುಗಿಸಲಿಲ್ಲ. ಫ್ಲಾಪಿಯನ್ನು ಮನೆಗೆ ತಂದು ಅಪ್ಪನ ಟ್ರಂಕಿನಲ್ಲಿ ಇಟ್ಟಿದ್ದಳು. ಮುಂದಿನ ಮಳೆಗಾಲಕ್ಕೆ ಬೂಷ್ಟು ಹಿಡಿದು, ಯಂತ್ರ ಅದನ್ನು ಓದಲು ಒಪ್ಪಲಿಲ್ಲ.